ಕ್ರೆಡಿಟ್ ವರದಿಯ ತಪ್ಪು: ತಿದ್ದುವವರು ಯಾರು?

ಹೊಸ ಶಾಖೆಗೆ ಸಾಲ ಕೇಳಲು ಹೋದಾಗ, ಎಂದೋ ತೀರಿಸಿದ ಸಾಲ ಇನ್ನೂ ಬಾಕಿ ಎಂದು ಕ್ರೆಡಿಟ್ ವರದಿ ಹೇಳಿದರೆ ನಮ್ಮ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಬೇರೆಯವರ ಸಾಲ ನಮ್ಮ ಹೆಸರಿಗೆ ಸೇರಿಕೊಂಡಿರುವುದೂ ಉಂಟು.

ನಾವು ಮೊದಲು ತಿಳಿಯಬೇಕಾದುದು ಇಷ್ಟು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಸಂಸ್ಥೆಗಳು ಸಾಲದ ಲೆಕ್ಕವನ್ನು ತಾವಾಗಿ ತಿದ್ದುವುದಿಲ್ಲ. ನಮ್ಮ ದೂರನ್ನು ಸಾಲ ಕೊಟ್ಟ ಬ್ಯಾಂಕಿಗೆ ಕಳುಹಿಸುತ್ತವೆ. ಬ್ಯಾಂಕು ತನ್ನ ಲೆಕ್ಕ ನೋಡಿ ಒಪ್ಪಿದರೆ ಮಾತ್ರ ವರದಿ ಬದಲಾಗುತ್ತದೆ. ಆದ್ದರಿಂದ ಸಾಲ ತೀರಿದ ಪತ್ರದ ಪ್ರತಿಯೊಂದಿಗೆ ಬ್ಯಾಂಕಿಗೂ ಬರೆಯುವುದು ಒಳ್ಳೆಯದು.

ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕು 21 ದಿನಗಳೊಳಗೆ ಉತ್ತರಿಸಬೇಕು. ಒಟ್ಟು 30 ದಿನಗಳಲ್ಲಿ ದೂರು ಇತ್ಯರ್ಥವಾಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ವಿಳಂಬ ಯಾರದೋ ಅವರೇ ಕೊಡಬೇಕು. ಇದು 2024ರ ಏಪ್ರಿಲ್ 26ರಿಂದ ಜಾರಿಗೆ ಬಂದಿದೆ. ದೂರಿನ ಸಂಖ್ಯೆ, ತಾರೀಖು ಬರೆದಿಟ್ಟುಕೊಳ್ಳೋಣ. ಆಗಲೂ ಕೆಲಸವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ನಮ್ಮ ಪೂರ್ಣ ವರದಿ ಉಚಿತ. ಬಂಧುಗಳಿಗೆ ಜಾಮೀನು ನಿಂತ ಸಾಲವೂ ಅದರಲ್ಲಿ ಕಾಣಿಸುತ್ತದೆ. ಅರ್ಜಿ ಹಾಕುವ ಎರಡು ತಿಂಗಳ ಮುಂಚೆಯೇ ತರಿಸಿ ನೋಡಿದರೆ, ತಪ್ಪು ತಿದ್ದಿಸಲು ಸಮಯ ನಮ್ಮ ಕೈಯಲ್ಲಿರುತ್ತದೆ.