ಕಗ್ಗ ಯಾರದು, ನಿಮ್ಮ ಇ-ಪುಸ್ತಕ ಯಾರದು?

ಮುಳಬಾಗಿಲಿನ ಶ್ರೀಪಾದರಾಜರು ಹದಿನೈದನೇ ಶತಮಾನದವರು. ಅವರ ಕೀರ್ತನೆಗಳನ್ನು ಯಾರು ಬೇಕಾದರೂ ಟೈಪು ಮಾಡಿ ಇ-ಪುಸ್ತಕವಾಗಿ ಮಾರಬಹುದು, ಯಾರ ಅಪ್ಪಣೆಯೂ ಬೇಡ. ಆದರೆ ಇಂದಿನ ವಿದ್ವಾಂಸರೊಬ್ಬರು ಆ ಕೀರ್ತನೆಗಳಿಗೆ ಬರೆದ ಮುನ್ನುಡಿ, ಅರ್ಥ, ಟಿಪ್ಪಣಿಗಳನ್ನು ಎತ್ತಿಕೊಳ್ಳುವಂತಿಲ್ಲ. ಅವು ಬರೆದವರ ಸ್ವತ್ತು.

ಅದೇ ಊರಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ವಿಷಯ ಬೇರೆ. ಅವರ 'ಮಂಕುತಿಮ್ಮನ ಕಗ್ಗ' ದಿನವೂ ಸಾವಿರಾರು ಮೊಬೈಲುಗಳಲ್ಲಿ ಓಡಾಡುತ್ತದೆ. ಅದಕ್ಕೇ ಅದು ಎಲ್ಲರದೂ ಎಂದು ಬಹಳ ಜನ ನಂಬಿದ್ದಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆನ್ನುವುದಿಲ್ಲ. ಲೇಖಕರ ಜೀವಮಾನ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ, ಇದು ಅದರ ಲೆಕ್ಕ. ಡಿವಿಜಿ ನಿಧನರಾದದ್ದು 1975ರಲ್ಲಿ, ಹಾಗಾಗಿ 2035ರ ಕೊನೆಯವರೆಗೆ ಆ ಪದ್ಯಗಳಿಗೆ ಹಕ್ಕುದಾರರಿದ್ದಾರೆ. ಕಗ್ಗಕ್ಕೆ ನೀವು ಬರೆದ ವಿವರಣೆ ನಿಮ್ಮದೇ. ವಿಮರ್ಶೆಯ ನಡುವೆ ಒಂದೆರಡು ಪದ್ಯ ಉದ್ಧರಿಸುವುದಕ್ಕೂ ಅಡ್ಡಿಯಿಲ್ಲ. ಇಡೀ ಕಗ್ಗವನ್ನೇ ಜೊತೆಗೆ ಹಾಕುವುದಾದರೆ ಅನುಮತಿ ಕೇಳಬೇಕು.

ಮಾಲೂರು ತಾಲ್ಲೂಕಿನ ಮಾಸ್ತಿಯವರು 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಕತೆ ಬರೆದರು. ಕಾವ್ಯನಾಮದಲ್ಲಿ ಇ-ಪುಸ್ತಕ ಹೊರತರುವವರು ಇಲ್ಲೊಂದು ಸಂಗತಿ ಗಮನಿಸಬೇಕು. ಕಾವ್ಯನಾಮದ ಹಿಂದಿರುವ ವ್ಯಕ್ತಿ ಯಾರೆಂದು ಬಹಿರಂಗವಾಗದಿದ್ದರೆ ರಕ್ಷಣೆ ಪ್ರಕಟಣೆಯಿಂದ 60 ವರ್ಷ ಮಾತ್ರ. ಶ್ರೀನಿವಾಸ ಯಾರೆಂದು ಕನ್ನಡ ನಾಡಿಗೆಲ್ಲ ಗೊತ್ತು. 1986ರಲ್ಲಿ ತೀರಿಕೊಂಡ ಅವರ ಕೃತಿಗಳಿಗೆ 2046ರ ಕೊನೆಯವರೆಗೂ ರಕ್ಷಣೆಯಿದೆ.

ನಮ್ಮ ಕಾಲದ ಲೇಖಕರಿಗೆ ಬರೋಣ. ಬರೆದ ಗಳಿಗೆಯಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ, ಪುಟದ ಮೂಲೆಯ © ಗುರುತೂ ಕಡ್ಡಾಯವಲ್ಲ. ಐಎಸ್‌ಬಿಎನ್ ಪಡೆದರೆ ಹಕ್ಕು ಬಂದಂತೆ ಎಂದುಕೊಳ್ಳಬೇಡಿ. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆಯಷ್ಟೇ. ಹಾಗಿದ್ದರೂ ನೋಂದಣಿ ಮಾಡಿಸಿ ಎಂದೇ ನನ್ನ ಸಲಹೆ. ದೆಹಲಿಯ ಕೃತಿಸ್ವಾಮ್ಯ ಕಚೇರಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ. ಹೀಗೆ ಸಿಕ್ಕಿದ ದಾಖಲೆಯನ್ನು ನ್ಯಾಯಾಲಯ ಮೇಲ್ನೋಟದ ಸಾಕ್ಷ್ಯವೆಂದು ಒಪ್ಪುತ್ತದೆ. ನಿಮಗೆ ನೀವೇ ರಿಜಿಸ್ಟರ್ಡ್ ಪೋಸ್ಟ್ ಕಳಿಸಿಕೊಂಡು ಲಕೋಟೆ ಒಡೆಯದೆ ಇಟ್ಟುಕೊಳ್ಳುವ ಹಳೆಯ ಉಪಾಯಕ್ಕೆ ಕಾನೂನಿನಲ್ಲಿ ಅಂಥ ಮನ್ನಣೆಯಿಲ್ಲ.

ಕಳ್ಳ ಪಿಡಿಎಫ್‌ಗಿಂತ ನನ್ನನ್ನು ಹೆಚ್ಚು ಕಾಡುವುದು ಓದದೆ ಹಾಕಿದ ರುಜು. ಮುದ್ರಿತ ಪುಸ್ತಕಕ್ಕೆಂದು ಮಾಡಿಕೊಂಡ ಒಪ್ಪಂದದಲ್ಲಿ ಇ-ಪುಸ್ತಕದ ಹಕ್ಕೂ ಸದ್ದಿಲ್ಲದೆ ಹೋಗಿರುತ್ತದೆ. ಕಾಯ್ದೆ ಮಾತ್ರ ಲೇಖಕರ ಕಡೆಗೇ ವಾಲಿದೆ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿಯಿರಬೇಕು. ಅವಧಿ ನಮೂದಿಸದಿದ್ದರೆ ಐದೇ ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷ ಬಳಸದೆ ಬಿಟ್ಟರೆ, ಒಪ್ಪಂದ ಬೇರೆ ಹೇಳದ ಹೊರತು, ಅದು ಲೇಖಕರಿಗೇ ಮರಳುತ್ತದೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು: ಒಪ್ಪಂದದ ಹೊತ್ತಿಗೆ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದನ್ನು ಹೆಸರಿಸದಿದ್ದರೆ, ಆ ವರ್ಗಾವಣೆ ಅನ್ವಯಿಸುವುದಿಲ್ಲ. ಮಾರಾಟದ ಆ್ಯಪುಗಳಲ್ಲಿ 'ಒಪ್ಪಿದ್ದೇನೆ' ಒತ್ತುವ ಮುನ್ನವೂ ಎರಡು ಪ್ರಶ್ನೆಗೆ ಉತ್ತರ ಹುಡುಕಿ. ಇದೇ ಪುಸ್ತಕವನ್ನು ಬೇರೆ ಕಡೆ ಮಾರಬಹುದೇ? ಬೇಡವೆನಿಸಿದಾಗ ಹಿಂದಕ್ಕೆ ಪಡೆಯಬಹುದೇ?

ಹಂಚುವುದೇ ನಿಮ್ಮ ಇಷ್ಟವಾದರೆ ಅದಕ್ಕೂ ದಾರಿಯಿದೆ. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ, ಹಂಚಿಕೊಳ್ಳಲು ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಹಕ್ಕುಳ್ಳವರು ಮನಸಾರೆ ಕೊಡುವುದಕ್ಕೂ ಯಾರೋ ಕಿತ್ತುಕೊಳ್ಳುವುದಕ್ಕೂ ಅಂತರ ದೊಡ್ಡದು.

ಇನ್ನು ಕಳವಾದಾಗ. ಕದ್ದ ಪ್ರತಿ ಇರುವ ಪುಟದ ಕೊಂಡಿ, ಸ್ಕ್ರೀನ್‌ಶಾಟು, ದಿನಾಂಕಗಳನ್ನು ಮೊದಲು ಜೋಪಾನವಾಗಿಟ್ಟುಕೊಳ್ಳಿ. ಪಿಡಿಎಫ್ ಇಟ್ಟುಕೊಂಡಿರುವ ತಾಣಕ್ಕೆ ಲಿಖಿತ ದೂರು ಕೊಡಿ. ಅದು ತಾಣದವರಿಗೆ ಮನವರಿಕೆಯಾದರೆ, ಅವರು 36 ಗಂಟೆಯೊಳಗೆ ಆ ಪಿಡಿಎಫ್ ಜನರಿಗೆ ಸಿಗದಂತೆ ಮಾಡಬೇಕು. 21 ದಿನದಲ್ಲಿ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಅವರು ಅದನ್ನು ಮತ್ತೆ ಹಾಕಬಹುದು. ಟೆಲಿಗ್ರಾಂನಲ್ಲಿ ಹಂಚಿದವನ ಹೆಸರೇ ಗೊತ್ತಿಲ್ಲವೆಂದು ಕೈಚೆಲ್ಲಬೇಕಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕ ಬರೆದ ಶಿಕ್ಷಕಿ ನೀತು ಸಿಂಗ್ ಅವರ ಮೊಕದ್ದಮೆಯಲ್ಲಿ, ಚಾನೆಲ್ ನಡೆಸುವವರ ವಿವರ ಕೊಡುವಂತೆ 2022ರಲ್ಲಿ ದೆಹಲಿ ಹೈಕೋರ್ಟ್ ಟೆಲಿಗ್ರಾಂಗೆ ಆದೇಶಿಸಿತು. ಶ್ರೀನಿವಾಸಪುರದಲ್ಲಿ ಕೂತು ಬರೆಯುವವರು ದಾವೆ ಹೂಡಲು ಕದ್ದವನ ಊರಿಗೆ ಅಲೆಯಬೇಕಾಗಿಯೂ ಇಲ್ಲ. ಹಕ್ಕುದಾರರು ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯಕ್ಕೇ ಹೋಗಬಹುದೆಂದು ಕಾಯ್ದೆಯ 62ನೇ ಕಲಮು ಹೇಳುತ್ತದೆ.

ಉಯಿಲಿನ ಮಾತು ಉಳಿಯಿತು. ಶಿವರಾಮ ಕಾರಂತರು 1994ರ ಉಯಿಲಿನಲ್ಲಿ ತಮ್ಮ ಪುಸ್ತಕಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಕೊಟ್ಟಿದ್ದರು. ಯಕ್ಷಗಾನ ಪ್ರಯೋಗಗಳ ಹಕ್ಕನ್ನು ಪ್ರತ್ಯೇಕವಾಗಿ ಹೆಸರಿಸಿರಲಿಲ್ಲ. ಆ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅದೂ ಅವರಿಗೇ ಸೇರಿದ್ದೆಂದು 2009ರಲ್ಲಿ ತೀರ್ಮಾನವಾಯಿತು. ಇ-ಪುಸ್ತಕದ ಲೇಖಕರು ಉಯಿಲಿನಲ್ಲಿ ಕೃತಿಗಳ ಹೆಸರು ಬರೆಯುವಾಗ ಅವು ಯಾವ ತಾಣದಲ್ಲಿವೆ, ಯಾವ ಇ-ಮೇಲ್ ಖಾತೆಗೆ ಸೇರಿವೆ, ಗೌರವಧನ ಯಾವ ಬ್ಯಾಂಕಿಗೆ ಬರುತ್ತದೆ ಎಂಬುದನ್ನೂ ಮನೆಯವರಿಗೆ ತಿಳಿಯುವಂತೆ ಬರೆದಿಡಬೇಕು.