ನಾಳೆ ಬರೆದರಾಯಿತು!

1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಒಂದು ಗುಲ್ಲೆದ್ದಿತ್ತು. ರಾತ್ರಿ ಹೊತ್ತು ದೆವ್ವವೊಂದು ಬಂದು, ಪರಿಚಯದವರ ದನಿಯಲ್ಲೇ ಹೆಸರು ಹಿಡಿದು ಕೂಗಿ ಬಾಗಿಲು ತಟ್ಟುತ್ತದಂತೆ, ತೆರೆದವರು ಕೆಟ್ಟರಂತೆ. ಇದಕ್ಕೆ ಜನ ಕಂಡುಕೊಂಡ ಉಪಾಯವೆಂದರೆ ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆಯುವುದು. ದೆವ್ವ ಓದಿಕೊಂಡು ಹಿಂದಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಕನ್ನಡ ಬಲ್ಲ, ಬರೆದದ್ದಕ್ಕೆ ಮರ್ಯಾದೆ ಕೊಡುವ ದೆವ್ವ! ಅಂಥ ಓದುಗರು ಸಿಕ್ಕಿದ್ದರೆ ನಮ್ಮ ಸಂಪಾದಕರಿಗೆ ಎಷ್ಟು ಸಂತೋಷವಾಗುತ್ತಿತ್ತೋ.

ಸಮುದ್ರ ದಾಟಿ ಬಂದ ನಾವೂ ಈ ಮಂತ್ರವನ್ನು ಅಲ್ಲೇ ಬಿಟ್ಟು ಬಂದಿಲ್ಲ. ಬಾಗಿಲಿಗಲ್ಲ, ಒಂದು ಕೆಲಸಕ್ಕೆ ಅಂಟಿಸಿಟ್ಟಿದ್ದೇವೆ: ಉಯಿಲು, ಅಂದರೆ ವಿಲ್ ಬರೆಯುವ ಕೆಲಸಕ್ಕೆ. ಯಾವ ಸದಸ್ಯರ ಮನೆಯಲ್ಲಾದರೂ ಮಾತು ತೆಗೆದು ನೋಡಿ. “ಬರೀಬೇಕು ಸಾರ್, ಮುಂದಿನ ಸಲ ಊರಿಗೆ ಹೊರಡೋಕೆ ಮುಂಚೆ ಖಂಡಿತ” ಎನ್ನುತ್ತಾರೆ ಯಜಮಾನರು. “ಬಿಡ್ತು ಅನ್ರಿ, ಹಬ್ಬದ ದಿನ ಅದೇನು ಮಾತು” ಎಂದು ಮನೆಯಾಕೆ ಕಾಫಿ ತರಲು ಏಳುತ್ತಾರೆ. ಅಲ್ಲಿಗೆ ಆ ವರ್ಷದ ಚರ್ಚೆ ಮುಗಿಯಿತು.

ಇದನ್ನು ಸೋಮಾರಿತನವೆಂದು ನಾನು ಕರೆಯಲಾರೆ. ಏಪ್ರಿಲ್ 15 ಬಂತೆಂದರೆ ಇದೇ ಜನ, ಡೆಸ್ ಪ್ಲೇನ್ಸ್‌ನಲ್ಲಿರಲಿ, ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿರಲಿ, ನಡುರಾತ್ರಿಯವರೆಗೆ ಕೂತಾದರೂ ಆದಾಯ ತೆರಿಗೆಯ ಲೆಕ್ಕ ಮುಗಿಸುತ್ತಾರೆ. ತೆರಿಗೆಗೆ ತಾರೀಖುಂಟು, ತಪ್ಪಿದರೆ ದಂಡವುಂಟು. ಉಯಿಲಿಗೆ ಇರುವ ಒಂದೇ ಗಡುವು ಯಾರಿಗೂ ಮುಂಚಿತವಾಗಿ ತಿಳಿಯದು.

ಅಬ್ರಹಾಂ ಲಿಂಕನ್ ತೀರಿಕೊಂಡದ್ದೂ ಒಂದು ಏಪ್ರಿಲ್ 15ರಂದೇ, 1865ರಲ್ಲಿ. ನಮ್ಮ ಇಲಿನಾಯ್‌ನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ವಕೀಲಿ ಮಾಡಿದವರು, ಯುದ್ಧಕಾಲದ ಅಧ್ಯಕ್ಷರು, ಕೊಲೆಬೆದರಿಕೆಯ ಪತ್ರಗಳನ್ನು ಕಂಡಿದ್ದವರು. ಆದರೂ ಉಯಿಲು ಬರೆದಿರಲಿಲ್ಲ. ಅವರ ಹಳೆಯ ಸ್ನೇಹಿತ, ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಡೇವಿಡ್ ಡೇವಿಸ್ ಆಸ್ತಿಯ ಉಸ್ತುವಾರಿ ಹೊತ್ತು, ಸುಮಾರು 1,10,000 ಡಾಲರನ್ನು ಪತ್ನಿ ಮೇರಿ, ಮಕ್ಕಳಾದ ರಾಬರ್ಟ್ ಮತ್ತು ಟ್ಯಾಡ್ ಮೂವರಿಗೆ ಸಮನಾಗಿ ಹಂಚುವ ಹೊತ್ತಿಗೆ 1867ರ ನವೆಂಬರ್ ಬಂದಿತ್ತು. ಅವರಿಗಾದರೋ ಡೇವಿಸ್ ಇದ್ದರು.

ನಮ್ಮ ಸಂಗತಿ ನೋಡೋಣ. ಇಲಿನಾಯ್‌ನಲ್ಲಿ ಗಂಡನೋ ಹೆಂಡತಿಯೋ ಉಯಿಲಿಲ್ಲದೆ ಹೋದರೆ, ಅವರೊಬ್ಬರ ಹೆಸರಿನಲ್ಲಿದ್ದ ಆಸ್ತಿಯ ಅರ್ಧ ಉಳಿದವರಿಗೆ, ಅರ್ಧ ಮಕ್ಕಳಿಗೆ. ಮಕ್ಕಳಿಗೆ 18 ತುಂಬಿಲ್ಲದಿದ್ದರೆ ಅವರ ಪಾಲಿಗೆ ಕೋರ್ಟಿನ ಉಸ್ತುವಾರಿ. ಇಬ್ಬರೂ ಒಟ್ಟಿಗೆ ಹೋದರೆ (ಬಿಡ್ತು ಎನ್ನುತ್ತಲೇ ಬರೆಯುತ್ತಿದ್ದೇನೆ) ಮಕ್ಕಳು ಯಾರ ಮನೆಯಲ್ಲಿ ಬೆಳೆಯಬೇಕೆಂಬುದನ್ನು ನಮ್ಮ ಮುಖವನ್ನೇ ಕಾಣದ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಚಿಕ್ಕಮ್ಮ ಮೈಸೂರಿನಲ್ಲಿ, ಸೋದರತ್ತೆ ಧಾರವಾಡದಲ್ಲಿ, ಇಲ್ಲಿ ನೆಂಟರೆಂಬುವರಿಲ್ಲ. ಇಂಥ ಮನೆಗಳಿಗೆ ದುಡ್ಡಿಗಿಂತ ಇದು ದೊಡ್ಡ ಮಾತು. ಪೋಷಕರು ಯಾರಾಗಬೇಕೆಂಬ ನಮ್ಮ ಇಚ್ಛೆಯನ್ನು ಉಯಿಲಿನಲ್ಲಿ ಹೆಸರಿಸಬಹುದು.

ಊರಿನ ಜಮೀನು, ಸೈಟುಗಳಿಗೆ ಭಾರತದ ಕಾನೂನು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ಹೋದ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ತಾಯಿಗೂ ಸಮಪಾಲುಂಟು. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇರುವ ಮನೆಗಳಂತೂ ನಮ್ಮಲ್ಲಿ ಬೇಕಾದಷ್ಟು. ತಾತ “ನಾಳೆ” ಎಂದರು, ಅಪ್ಪ ಪೌತಿ ಖಾತೆಗೆ “ನಾಳೆ” ಎಂದರು. ಮೊಮ್ಮಗ ಮೂರು ವಾರದ ರಜೆಯಲ್ಲಿ ವಂಶವೃಕ್ಷ ಹಿಡಿದುಕೊಂಡು ತಾಲ್ಲೂಕು ಕಚೇರಿಯ ಬೆಂಚು ಕಾಯುತ್ತಾನೆ.

ಇಷ್ಟು ಹೆದರಿಸಿದ್ದು ಸಾಕು. ಹೆದರಿಕೆಯಿಂದ ಕೆಲಸ ಆಗುವುದಿಲ್ಲವೆಂಬುದಕ್ಕೆ ಪುರಾವೆಯೇ ಇದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ನಡೆಸಿ 1965ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. ಧನುರ್ವಾಯು ರೋಗದ ಭಯಂಕರ ವರ್ಣನೆ ಕೊಟ್ಟು, ಚುಚ್ಚುಮದ್ದು ಹಾಕಿಸಿಕೊಳ್ಳಿ ಎಂದಾಗ ವಿದ್ಯಾರ್ಥಿಗಳು ತಲೆಯಾಡಿಸಿದರು; ಹೋದವರು ನೂರಕ್ಕೆ ಮೂವರು. ಇನ್ನೊಂದು ಗುಂಪಿಗೆ ಅದೇ ಬರಹದ ಜೊತೆಗೆ ಆಸ್ಪತ್ರೆ ಗುರುತಿಸಿದ ನಕ್ಷೆ ಕೊಟ್ಟು, ಯಾವಾಗ ಆ ದಾರಿಯಲ್ಲಿ ಹೋಗುತ್ತೀರೋ ಯೋಚಿಸಿ ಎಂದರು. ಆಗ ಹೋದವರು ನೂರಕ್ಕೆ ಸುಮಾರು 28. ಹೆದರಿಸಿದ್ದು ಹೆಚ್ಚೋ ಕಡಿಮೆಯೋ, ಅದರಿಂದ ವ್ಯತ್ಯಾಸವಾಗಲಿಲ್ಲ.

ಹಾಗಾಗಿ ನಮಗೆ ಬೇಕಾದ್ದು ಒಂದು ತಾರೀಖು, ಒಂದು ಜಾಗ, ಇಬ್ಬರು ಮನುಷ್ಯರು. ಇಬ್ಬರು ಏಕೆಂದರೆ ಇಲಿನಾಯ್‌ನ ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಕೈಬರಹದಲ್ಲಿ ಬರೆದು ಬೀರುವಿನಲ್ಲಿಟ್ಟದ್ದು ಇಲ್ಲಿ ನಡೆಯದು. ಮಿಷಿಗನ್‌ನಲ್ಲಿ ಮಾತ್ರ ತಾರೀಖು, ಸಹಿ, ಮುಖ್ಯ ಭಾಗಗಳು ಬರೆದವರ ಸ್ವಂತ ಕೈಬರಹದಲ್ಲಿದ್ದರೆ ಸಾಕ್ಷಿಗಳಿಲ್ಲದಿದ್ದರೂ ನಡೆಯುತ್ತದೆ. ಪಂಪ ಕನ್ನಡ ಕೂಟದವರಿಗೆ ಅಷ್ಟರಮಟ್ಟಿಗೆ ನೆಪ ಕಡಿಮೆ. ಊರಿನ ಆಸ್ತಿಗೆ ಬರೆಯುವ ಉಯಿಲಿಗೂ ಇಬ್ಬರ ಸಾಕ್ಷಿ ಬೇಕು, ನೋಂದಣಿ ಕಡ್ಡಾಯವಲ್ಲ. ಉಯಿಲಿನಿಂದ ಏನಾದರೂ ಪಡೆಯುವವರು ಸಾಕ್ಷಿ ಹಾಕಬಾರದು. ಹಾಗಾದರೆ ಕೂಟದ ಸ್ನೇಹಿತರಿಗಿಂತ ಅನುಕೂಲದವರು ಯಾರು? ಯುಗಾದಿಯ ಊಟದ ಪಂಕ್ತಿಯಲ್ಲೇ ಎರಡು ಮನೆಯವರು ಮಾತಾಡಿಕೊಂಡು, ಮುಂದಿನ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹತ್ತಕ್ಕೆ ವಕೀಲರ ಕಚೇರಿ ಎಂದು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಲಿ. ಇವರ ಉಯಿಲಿಗೆ ಅವರು ಸಾಕ್ಷಿ, ಅವರದಕ್ಕೆ ಇವರು. ಪಕ್ಕದ ಮನೆಯವರು ಕಾಯುತ್ತಿದ್ದಾರೆಂದರೆ ನಾವು ತಪ್ಪಿಸಿಕೊಳ್ಳುವವರಲ್ಲ.

ಆ ಶನಿವಾರ ಬರುವ ಮುಂಚೆ ಒಂದು ಸಂಜೆ ಹಳೆಯ ಕಾಗದಗಳನ್ನು ತೆರೆಯಿರಿ. ಜೀವವಿಮೆಯ ಹಣ ಹೋಗುವುದು ಉಯಿಲಿನಂತಲ್ಲ, ವಿಮೆಯ ಕಾಗದದಲ್ಲಿ ಬರೆದ ಹೆಸರಿಗೆ. ಮದುವೆಗೆ ಮುಂಚೆ ತೆಗೆದುಕೊಂಡ ಪಾಲಿಸಿಯಲ್ಲಿ ಇನ್ನೂ ಅಣ್ಣನ ಹೆಸರೇ ಇದ್ದರೆ ಆಶ್ಚರ್ಯವಿಲ್ಲ.

ಸಹಿಯಾದ ಮೂಲಪ್ರತಿ ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಉಯಿಲು ಎಲ್ಲಿದೆಯೆಂಬುದನ್ನು ಇಲಿನಾಯ್‌ನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲೂ ನಮೂದಿಸಬಹುದು. ಉಯಿಲನ್ನು ಅವರು ಇಟ್ಟುಕೊಳ್ಳುವುದಿಲ್ಲ. ಇಟ್ಟ ಜಾಗವನ್ನಷ್ಟೇ ಬರೆದುಕೊಳ್ಳುತ್ತಾರೆ.