ಹೊಸ ಆಕಾರದ ಗುಡಿ, ಕಂಡವರು ಕಂಡಂತೆ

ಗುಡಿಯೆಂದರೆ ಹೀಗಿರತಕ್ಕದ್ದೆಂಬ ಒಂದು ಚಿತ್ರವು ಪ್ರತಿಯೊಬ್ಬ ಗೃಹಸ್ಥನ ಮನಸ್ಸಿನಲ್ಲಿಯೂ ಬಾಲ್ಯದಿಂದಲೇ ಅಚ್ಚೊತ್ತಿರುವದು. ನಮ್ಮ ಸೀಮೆಯವರ ಚಿತ್ರದಲ್ಲಿ ಮುಂದೆ ಕಂಬಗಳ ಮಂಟಪ, ನಡುವೆ ನಂದಿ, ಒಳಗೆ ಕತ್ತಲೆ ತುಂಬಿದ ಗರ್ಭಗೃಹ, ಮೇಲೆ ಶಿಖರ, ಇಷ್ಟಂತೂ ಇರಲೇಬೇಕು. ಕ್ರೈಸ್ತನ ಇಗರ್ಜಿಗೆ ಗಂಟೆಯ ಗೋಪುರವೂ ಮುಸಲ್ಮಾನನ ಮಸೀದಿಗೆ ಮಿನಾರವೂ ಇದ್ದಂತೆಯೇ ಇದು. ಈ ಚಿತ್ರಕ್ಕೆ ಒಪ್ಪದ ದೇವಸ್ಥಾನವನ್ನು ಯಾವನಾದರೂ ಕಟ್ಟಿಸಿದರೆ ಜನರು ಏನೆನ್ನುವರು? ಪಂಡಿತರು ಏನೆನ್ನುವರು? ಐವತ್ತು ವರ್ಷಗಳ ತರುವಾಯ, ಸಾವಿರ ವರ್ಷಗಳ ತರುವಾಯ ಅದೇ ಗುಡಿಯ ವಿಷಯದಲ್ಲಿ ಅವರ ಮಕ್ಕಳು ಮರಿಮಕ್ಕಳು ಏನೆನ್ನುವರು? ಈ ವಿಚಾರವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವೆನು.

ಮೊದಲು ನಮ್ಮ ಕೂಡಲಸಂಗಮವನ್ನೇ ತೆಗೆದುಕೊಳ್ಳೋಣ. ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಈ ಸ್ಥಳದಲ್ಲಿ ಬಸವಣ್ಣನವರು ವಿದ್ಯೆ ಕಲಿತರೆಂಬದೂ ಕಲ್ಯಾಣದ ವಿಪ್ಲವದ ಕಾಲಕ್ಕೆ ಮರಳಿ ಬಂದು ಇಲ್ಲಿಯೇ ಐಕ್ಯರಾದರೆಂಬದೂ ಸರ್ವವಿದಿತವಾಗಿದೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣವಾದ ಬಳಿಕ ಹಿನ್ನೀರು ಇಲ್ಲಿಯವರೆಗೂ ಏರಿ ನಿಂತಿತು. ಐಕ್ಯಮಂಟಪವು ಮುಳುಗಬಾರದಲ್ಲ! ಅದರ ಸುತ್ತಲೂ ಕಾಂಕ್ರೀಟಿನ ದುಂಡು ಗೋಡೆಯನ್ನೆಬ್ಬಿಸಿ, ದಂಡೆಯಿಂದ ಅಲ್ಲಿಗೆ ಸೇತುವೆಯನ್ನು ಹಾಕಿದರು. ಈಗ ಭಕ್ತನು ನೀರಿನ ಮೇಲೆ ನಡೆದುಹೋಗಿ, ಬಾವಿಯೊಳಗೆ ಇಳಿದಂತೆ ಪಾವಟಿಗೆಗಳನ್ನಿಳಿದು ದರ್ಶನವನ್ನು ಪಡೆಯಬೇಕು. ಯಾವ ಆಗಮದಲ್ಲಿಯೂ ಯಾವ ಶಿಲ್ಪಶಾಸ್ತ್ರದಲ್ಲಿಯೂ ಇಂಥ ಗುಡಿಯ ಲಕ್ಷಣವನ್ನು ಹೇಳಿಲ್ಲ. ಇದನ್ನು ಕಟ್ಟಿಸಿದ್ದು ನೀರು. ಆಕಾರವನ್ನು ಕೊಟ್ಟದ್ದು ಗಣಿತ. ಹಳೆಯ ತಲೆಗಳು ಇದನ್ನು ಕಂಡು, ನದಿಯ ಗಾಳಿಯಲ್ಲಿ ನಿಂತಿದ್ದ ಮಂಟಪವನ್ನು ಹೊಂಡದಲ್ಲಿ ಕೂಡ್ರಿಸಿದರಲ್ಲಾ ಎಂದು ಮರುಗಿದ್ದನ್ನು ನಾನು ಕೇಳಿದ್ದೇನೆ. ಅವರ ಮೊಮ್ಮಕ್ಕಳಿಗಾದರೋ ಆ ಮರುಕವು ತಿಳಿಯುವದೇ ಇಲ್ಲ. ಅವರ ಪಾಲಿಗೆ ಕೂಡಲಸಂಗಮವೆಂದರೆ ಇಳಿದುಹೋಗುವದೇ. ಏರಿ ಹೋಗುವ ದೇವರು ಬೆಟ್ಟದಲ್ಲಿರುವಂತೆ ಇಳಿದು ಹೋಗುವ ಬಸವಣ್ಣನವರು ನೀರಿನ ನಡುವೆ ಇದ್ದಾರೆಂದು ಅವರು ಸಹಜವಾಗಿ ಒಪ್ಪಿಕೊಂಡುಬಿಟ್ಟಿದ್ದಾರೆ. ಒಂದು ತಲೆಮಾರು ಸಾಕಾಯಿತು.

ಇದು ನಮ್ಮ ದೇಶದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಫ್ರಾನ್ಸಿನ ರೋಂಶಾಂ ಎಂಬ ಊರಿನ ಗುಡ್ಡದ ಮೇಲೆ ಮೇರಿ ಮಾತೆಯ ಯಾತ್ರಾಸ್ಥಳವೊಂದಿದೆ. ಅಲ್ಲಿಯ ಇಗರ್ಜಿಯು 1944ರ ಯುದ್ಧದಲ್ಲಿ ಹಾಳಾಗಲು, ಮುಂದೆ ನಮ್ಮ ಚಂಡೀಗಡವನ್ನು ರಚಿಸಿದ ಆ ಲ ಕಾರ್ಬೂಸಿಯೇ ಎಂಬವನೇ ಹೊಸದನ್ನು ನಿರ್ಮಿಸಿದನು. 1955ರಲ್ಲಿ ಅದು ತೆರೆಯಿತು. ಬಾಗಿದ ದಪ್ಪ ಬಿಳಿಯ ಗೋಡೆಗಳು, ಕ್ರಮವಿಲ್ಲದೆ ಚೆಲ್ಲಿದಂತಿರುವ ಸಣ್ಣ ಕಿಟಕಿಗಳು, ಏಡಿಯ ಚಿಪ್ಪಿನಂತೆ ಉಬ್ಬಿದ ಕಾಂಕ್ರೀಟಿನ ಮಾಡು. ಪರಿಹಾಸಗಾರರು ಅದನ್ನು ದೇವರ ಮೋಟಾರು ಶೆಡ್ಡೆಂದೂ ಸೈನಿಕರ ಗುಂಡಿಯೆಂದೂ ಕರೆದರು. ಸಾಮಾನ್ಯರ ಮಾತು ಹಾಗಿರಲಿ. ಹೊಸ ವಾಸ್ತುವಿನ ಪಕ್ಷಪಾತಿಗಳಿಗೇ ದಿಗಿಲಾಯಿತು. ಸರಳರೇಖೆ, ಯುಕ್ತಿವಾದಗಳನ್ನು ಸಾರುತ್ತಿದ್ದ ಗುರುವೇ ಹೀಗೆ ಬಳುಕುವ ಕಟ್ಟಡವನ್ನು ಮಾಡಬಹುದೇ ಎಂದು ಜೇಮ್ಸ್ ಸ್ಟರ್ಲಿಂಗನೆಂಬ ತರುಣ ವಾಸ್ತುಶಿಲ್ಪಿಯು 1956ರಲ್ಲಿ ಲೇಖನವನ್ನೇ ಬರೆದನು. 2016ರಲ್ಲಿ ಅದೇ ಇಗರ್ಜಿಯು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿತು. ಅದಕ್ಕೆ ಕೆಲವೇ ವರ್ಷ ಮೊದಲು, ರೆಂಜೊ ಪಿಯಾನೋ ಎಂಬವನು ಆ ಗುಡ್ಡದ ಓರೆಯಲ್ಲಿ ಸನ್ಯಾಸಿನಿಯರಿಗಾಗಿ ಹೊಸ ಮಠವನ್ನು ಕಟ್ಟಹೊರಟಾಗ, ಲ ಕಾರ್ಬೂಸಿಯೇನ ಕೃತಿಯ ಪಾವಿತ್ರ್ಯವು ಕೆಡುವದೆಂದು ಜಗತ್ತಿನ ಅನೇಕರು ಕೂಗೆಬ್ಬಿಸಿದರು. ಶೆಡ್ಡು ಪವಿತ್ರವಾಗಲು ಅರ್ಧ ಶತಮಾನ ಹಿಡಿಯಿತು.

ಇನ್ನು ದೀರ್ಘವಾದ ಕಥೆಗೆ ಬರೋಣ. ಅದಕ್ಕೆ ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಸಂಗಮದಿಂದ ಮಲಪ್ರಭೆಯ ದಂಡೆಗುಂಟ ಮೇಲಕ್ಕೆ ಹೋದರೆ ಐಹೊಳೆಯು ಸಿಕ್ಕುವದು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಹೆಸರನ್ನು ಇತಿಹಾಸದಲ್ಲಿ ಓದದವರಿಲ್ಲ. ಆ ಊರೇ ಇದು. ಇಲ್ಲಿ ನೂರಕ್ಕೂ ಮಿಕ್ಕಿ ಗುಡಿಗಳಿರುವವು. ಅವುಗಳಲ್ಲಿ ಅತ್ಯಂತ ವಿಲಕ್ಷಣವಾದುದು ದುರ್ಗದ ಗುಡಿ.

ಎತ್ತರವಾದ ಅಧಿಷ್ಠಾನದ ಮೇಲೆ ನಿಂತ ಈ ಗುಡಿಯು ಮುಂಭಾಗದಲ್ಲಿ ಚೌಕಾಗಿದ್ದು ಹಿಂಭಾಗದಲ್ಲಿ ಕುದುರೆಯ ಲಾಳದಂತೆ ದುಂಡಾಗಿದೆ. ಉದ್ದ ಸುಮಾರು 60 ಅಡಿ. ಮುಖಮಂಟಪವನ್ನೂ ಕೂಡಿಸಿದರೆ 84 ಅಡಿಯಾಗುವದು. ಗೋಡೆಯ ಹೊರಗೆ ಕಂಬಸಾಲಿನ ಪಡಸಾಲೆಯೊಂದು ಇಡಿಯ ಗುಡಿಯನ್ನು ಬಳಸಿಕೊಂಡು ಹೋಗಿರುವದರಿಂದ ಬಿಸಿಲುಮಳೆಗಳ ಬಾಧೆಯಿಲ್ಲದೆ ಪ್ರದಕ್ಷಿಣೆ ಮಾಡಬಹುದು. ಗೋಡೆಯ ಗೂಡುಗಳಲ್ಲಿ ನಂದಿಯೊಡನೆ ನಿಂತ ಶಿವ, ನರಸಿಂಹ, ಗರುಡಸಹಿತನಾದ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ, ಈ ಮೂರ್ತಿಗಳಿವೆ. ಕೆಲವು ಗೂಡುಗಳು ಬರಿದಾಗಿವೆ. ಮೇಲೆ ಉತ್ತರದೇಶದ ರೀತಿಯ ಶಿಖರ. ಅದೂ ಭಗ್ನವಾಗಿದ್ದು, ಅದರ ಆಮಲಕವು ಕೆಳಗೆ ನೆಲದ ಮೇಲೆ ಕೂತಿದೆ. ದುಂಡು ಬೆನ್ನಿನ ಗುಡಿಗೆ ಚೌಕು ಶಿಖರ! ಅದು ಅನಂತರದ ಸೇರ್ಪಡೆಯೆಂದು ಕೆಲವರು ಹೇಳುವರು. ಏನೇ ಇರಲಿ, ಕಟ್ಟಿದ ಕಾಲಕ್ಕೆ ಐಹೊಳೆಯ ಜನರೂ ಇದನ್ನು ಕಂಡು ತಮ್ಮೊಳಗೇ ಏನಾದರೂ ಆಡಿಕೊಂಡಿರಬೇಕು.

ಕಾಲಾಂತರದಲ್ಲಿ ಪೂಜೆಯು ನಿಂತಿತು. ಊರಿಗೆ ಕೋಟೆಯ ಅವಶ್ಯಕತೆಯು ಬಂದಾಗ ಗುಡಿಯು ಕೋಟೆಯ ಅಂಗವಾಯಿತು. ಅದರ ಮಾಳಿಗೆಯ ಮೇಲೆ ಒಡ್ಡುಗಲ್ಲುಗಳನ್ನೊಟ್ಟಿ ಕಾವಲಿನ ಠಾಣೆಯನ್ನು ಮಾಡಿದರು. ಜನರು ಅದನ್ನು ದುರ್ಗದ ಗುಡಿಯೆಂದರು. ದುರ್ಗವೆಂದರೆ ಕೋಟೆ, ದುಃಖದಿಂದ ಹೋಗತಕ್ಕ ಸ್ಥಳವೆಂದು ಅದರ ವ್ಯುತ್ಪತ್ತಿ. ಅಕಾರವು ಆಕಾರವಾಗಲು ಎಷ್ಟು ಹೊತ್ತು? ದುರ್ಗದ ಗುಡಿಯು ದುರ್ಗಾ ಗುಡಿಯಾಯಿತು. ಗೋಡೆಯಲ್ಲಿ ಮಹಿಷಮರ್ದಿನಿಯ ಸುಂದರವಾದ ಮೂರ್ತಿಯೂ ಇರುವದರಿಂದ ಸಂಶಯಕ್ಕೆ ಆಸ್ಪದವೇ ಉಳಿಯಲಿಲ್ಲ. ಒಂದು ಹ್ರಸ್ವವು ದೀರ್ಘವಾದುದರಿಂದ ದೇವಿಯೊಬ್ಬಳಿಗೆ ಗುಡಿಯು ದೊರೆತಂತಾಯಿತು. ವ್ಯಾಕರಣವನ್ನು ಕಲಿಸಿ ಹೊಟ್ಟೆ ಹೊರೆದ ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕಲಾರದು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿಯು ಛಾಯಾಚಿತ್ರದ ಪೆಟ್ಟಿಗೆಯನ್ನು ಹೊತ್ತು ಈ ಪ್ರಾಂತದಲ್ಲಿ ತಿರುಗಾಡಿದನು. ಅವನೂ ಇತರರೂ ತೆಗೆದ ಚಿತ್ರಗಳು ಧಾರವಾಡ-ಮೈಸೂರು ಸೀಮೆಗಳ ವಾಸ್ತುವನ್ನು ಕುರಿತ ದೊಡ್ಡ ಪುಸ್ತಕದಲ್ಲಿ 1866ರಲ್ಲಿ ಅಚ್ಚಾದವು. ಅದರಲ್ಲಿ ವಾಸ್ತುವಿನ ವಿವರಣೆಯನ್ನು ಬರೆದವನು ಜೇಮ್ಸ್ ಫರ್ಗ್ಯುಸನ್. ಭಾರತದ ವಾಸ್ತುವಿಗೆ ಮೊತ್ತಮೊದಲು ಕ್ರಮವಾದ ಇತಿಹಾಸವನ್ನು ಬರೆದ ಪರಿಶ್ರಮಿ. ಆತನ ಉಪಕಾರವನ್ನು ಮರೆಯಲಾಗದು. ಆದರೆ ಆತನು ಈ ದುಂಡು ಬೆನ್ನಿನಲ್ಲಿ ಬೌದ್ಧರ ಚೈತ್ಯವನ್ನೇ ಕಂಡನು. ಕಾರ್ಲೆಯ ಗುಹೆಯಲ್ಲಿ ಬಂಡೆಯನ್ನು ಕೊರೆದು ಮಾಡಿದ ಚೈತ್ಯಶಾಲೆಯೂ ಹೀಗೆಯೇ ಇದೆಯಲ್ಲವೇ? ಅಂಥ ಚೈತ್ಯಗಳನ್ನು ಆತನು ವರ್ಣಿಸುವ ಕ್ರಮವನ್ನು ನೋಡಿದರೆ ಇನ್ನೊಂದು ಸಂಗತಿಯೂ ತಿಳಿಯುವದು. ನಡುವಿನ ಹಜಾರ, ಎರಡೂ ಮಗ್ಗುಲಿನ ಕಂಬಸಾಲು, ಕೊನೆಯಲ್ಲಿ ಅರ್ಧವರ್ತುಲ, ಇವೆಲ್ಲಕ್ಕೂ ಆತನು ಬಳಸುವದು ತನ್ನ ದೇಶದ ಇಗರ್ಜಿಯ ಪಾರಿಭಾಷಿಕ ಶಬ್ದಗಳನ್ನೇ. ಹೀಗೆ ಮಲಪ್ರಭೆಯ ದಂಡೆಯ ಗುಡಿಯನ್ನು ಇಗರ್ಜಿಯ ಮಾತಿನಲ್ಲಿ ಬಣ್ಣಿಸಿ, ಬುದ್ಧನ ವಂಶವೃಕ್ಷದಲ್ಲಿ ಸೇರಿಸಿದಂತಾಯಿತು.

ನಮ್ಮ ಶಾಸ್ತ್ರಗಳನ್ನು ಕೇಳಿದ್ದರೆ ಅವು ಬೇರೆ ಉತ್ತರವನ್ನು ಕೊಡುತ್ತಿದ್ದವು. ಈ ಆಕಾರಕ್ಕೆ ಗಜಪೃಷ್ಠವೆಂದೂ ಹಸ್ತಿಪೃಷ್ಠವೆಂದೂ ಶಿಲ್ಪಗ್ರಂಥಗಳಲ್ಲಿ ಹೆಸರಿದೆ. ಹಿಂದಿನಿಂದ ನೋಡಿದರೆ ಮಲಗಿದ ಆನೆಯ ಬೆನ್ನಿನಂತೆ ಕಾಣುವದೆಂದು ಅರ್ಥ. ಮಹಾಬಲಿಪುರದಲ್ಲಿ ಏಳನೆಯ ಶತಮಾನದ ಸಹದೇವರಥವು ಇದೇ ಆಕಾರದ್ದು. ಅದರ ಮಗ್ಗುಲಲ್ಲಿಯೇ ಶಿಲ್ಪಿಯು ಕಲ್ಲಿನಲ್ಲಿ ನಿಜವಾದ ಆನೆಯೊಂದನ್ನು ಕಡೆದು ನಿಲ್ಲಿಸಿದ್ದಾನೆ. ಶಬ್ದಾರ್ಥವನ್ನು ತಿಳಿಯದವನಿಗೆ ಇದಕ್ಕಿಂತ ಸ್ಪಷ್ಟವಾದ ಟೀಕೆಯು ಬೇಕೇ? ನಮ್ಮ ಕರಾವಳಿಯಲ್ಲಿ ಉಡುಪಿಯ ಅನಂತೇಶ್ವರ, ಕಾಸರಗೋಡಿನ ಹತ್ತಿರದ ಮಧೂರಿನ ದೇವಸ್ಥಾನ, ಇವು ಗಜಪೃಷ್ಠಗಳೇ. ಅಲ್ಲಿ ಇಂದಿಗೂ ನಿತ್ಯಪೂಜೆ ನಡೆಯುತ್ತಿದೆ. ಆಕಾರವನ್ನು ಕಂಡು ಯಾರೂ ಹುಬ್ಬೇರಿಸುವದಿಲ್ಲ.

ಫರ್ಗ್ಯುಸನ್ನನ ತರುವಾಯ ಬಂದವರು ಗೋಡೆಯ ಮೂರ್ತಿಗಳನ್ನು ಹೆಚ್ಚು ಸಾವಧಾನದಿಂದ ನೋಡಿದರು. ಹೆನ್ರಿ ಕಸಿನ್ಸನು 1926ರಲ್ಲಿ ಪ್ರಕಟವಾದ ತನ್ನ ಚಾಲುಕ್ಯ ವಾಸ್ತುವಿನ ಗ್ರಂಥದಲ್ಲಿ, ಗರ್ಭಗೃಹದ ಬಾಗಿಲುವಾಡದ ಮೇಲಿನ ಗರುಡನನ್ನು ಗಮನಿಸಿ, ಇದು ವಿಷ್ಣುವಿನ ಆಲಯವಾಗಿದ್ದಿರಬೇಕೆಂದು ತರ್ಕಿಸಿದನು. ದುರ್ಗವು ದೇವಿಯಲ್ಲ, ಕೋಟೆಯೆಂಬದೂ ಆತನಿಗೆ ಗೊತ್ತಿತ್ತು. 1942ರಲ್ಲಿ ಪರ್ಸಿ ಬ್ರೌನನು ಚೈತ್ಯದ ಮಾತನ್ನು ಮತ್ತೆ ಎತ್ತಿದನಾದರೂ ಬೇರೆ ಬಗೆಯಿಂದ: ಬೌದ್ಧರ ಶಾಲೆಯನ್ನು ಬ್ರಾಹ್ಮಣಧರ್ಮದ ಗುಡಿಗೆ ಹೊಂದಿಸಿಕೊಳ್ಳಲು ಮಾಡಿದ ಪ್ರಯೋಗವಿದು ಎಂದನು. ಈ ಪ್ರಯೋಗವೆಂಬ ಮಾತು ಬಹಳ ಜನಪ್ರಿಯವಾಯಿತು. ಐಹೊಳೆಯು ಗುಡಿಗಳ ತೊಟ್ಟಿಲು, ಅಲ್ಲಿ ಶಿಲ್ಪಿಗಳು ತಪ್ಪುತ್ತ ಒಪ್ಪುತ್ತ ಕೆಲಸ ಕಲಿತರು ಎಂದು ಪಠ್ಯಪುಸ್ತಕಗಳೂ ಹೇಳತೊಡಗಿದವು. ನಾನೂ ಮಕ್ಕಳಿಗೆ ಅದನ್ನೇ ಓದಿಸಿದೆನು. ಆದರೆ ಆ ಮಾತಿನಲ್ಲಿ ಒಂದು ಅನ್ಯಾಯವು ಅಡಗಿದೆ. ಪ್ರಯೋಗವೆಂದು ಕರೆದೊಡನೆ, ಅದು ಪೂರ್ಣವಾದ ಕೃತಿಯಲ್ಲ, ಮುಂದೆ ಬರಬೇಕಾದ ಇನ್ನೇನಕ್ಕೋ ಅಭ್ಯಾಸದ ಹಲಗೆಯೆಂದು ಹೇಳಿದಂತಾಗುವದು. ಐಹೊಳೆಯ ಗುಡಿಗಳನ್ನು ಬಹಳ ಹಳೆಯವೆಂದು ಎಣಿಸಿದುದೇ ಇದಕ್ಕೆ ಕಾರಣ. ಕಸಿನ್ಸನು ಲಾಡಖಾನನ ಗುಡಿಯನ್ನು ಕ್ರಿ. ಶ. 450ರ ಸುಮಾರಿನದೆಂದು ತಿಳಿದಿದ್ದನು. ಈಗಿನ ವಿದ್ವಾಂಸರ ಗಣನೆಯಲ್ಲಿ ಅದೂ ದುರ್ಗದ ಗುಡಿಯೂ ಏಳನೆಯ ಶತಮಾನದ ಕೊನೆ, ಎಂಟನೆಯ ಶತಮಾನದ ಆರಂಭ, ಈ ಅವಧಿಗೆ ಇಳಿದುಬಂದಿವೆ. ಅಂದಮೇಲೆ ಬಾದಾಮಿಯ ಗುಹೆಗಳನ್ನು ಕೊರೆದು ಕೈ ಪಳಗಿದವರ ಸಂತತಿಯೇ ಇದನ್ನು ಕಟ್ಟಿತು. ಅವರು ಕಲಿಯುತ್ತಿರಲಿಲ್ಲ, ಬೇಕೆಂದೇ ಹೀಗೆ ಮಾಡಿದರು.

ಹಾಗಾದರೆ ಒಳಗಿದ್ದ ದೇವರು ಯಾರು? ಬುದ್ಧನೆಂದರು, ದುರ್ಗೆಯೆಂದರು, ವಿಷ್ಣುವೆಂದರು, ಶಿವನೆಂದವರೂ ಉಂಟು. ಗುಡಿಯ ಬಾಗಿಲುಮಾಡದ ಮೇಲೆ ಎರಡನೆಯ ವಿಕ್ರಮಾದಿತ್ಯನ (733–744) ಕಾಲದ ಶಾಸನವಿರುವದು ಹಿಂದೆಯೇ ಗೊತ್ತಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶಾಸನಗಳ ಆಧಾರದಿಂದ ನಿಶ್ಚಯವಾದುದೇನೆಂದರೆ, ಇದು ಕೊಮಾರನೆಂಬವನು ಕಟ್ಟಿಸಿದ ಆದಿತ್ಯನ ಆಲಯ, ಅರ್ಥಾತ್ ಸೂರ್ಯದೇವಾಲಯ. ದೊರೆಯ ಹೆಸರಿಲ್ಲ, ರಾಣಿಯ ಹೆಸರಿಲ್ಲ. ಗ್ಯಾರಿ ಟಾರ್ಟಕೋವ್ ಎಂಬ ಅಮೇರಿಕದ ವಿದ್ವಾಂಸನು ಈ ಒಂದೇ ಗುಡಿಯನ್ನು ಯಾರು ಯಾರು ಹೇಗೆ ಹೇಗೆ ತಿಳಿದರೆಂಬ ಇತಿಹಾಸವನ್ನು ಶೋಧಿಸಿ 1997ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. ಗುಡಿಯ ಚರಿತ್ರೆಯಲ್ಲ, ಗುಡಿಯನ್ನು ನೋಡಿದವರ ಚರಿತ್ರೆ! ಇನ್ನೂ ಒಂದು ವಿನೋದವುಂಟು: ಇದೇ ಆವಾರದಲ್ಲಿ ಸೂರ್ಯನಾರಾಯಣನ ಗುಡಿಯೆಂದು ಹೆಸರಾದ ಇನ್ನೊಂದು ಗುಡಿಯಿದೆ, ಅದರಲ್ಲಿ ಸೂರ್ಯನ ವಿಗ್ರಹವೂ ಇದೆ. ಸೂರ್ಯನನ್ನು ಹುಡುಕಿದವರು ಅಲ್ಲಿಗೇ ಹೋಗಿ ಕೈಮುಗಿದು ಬಂದುದರಲ್ಲಿ ಆಶ್ಚರ್ಯವೇನು?

ಪಂಡಿತರ ಮಾತು ಇಷ್ಟಾಯಿತು. ಜನರ ಮಾತು ಇನ್ನೊಂದು ದಾರಿಯನ್ನು ಹಿಡಿದಿದೆ. ದೆಹಲಿಯಲ್ಲಿ 1927ರಲ್ಲಿ ತೆರೆದ ಹಳೆಯ ಸಂಸತ್ ಭವನಕ್ಕೆ ಈ ಗುಡಿಯೇ ಮಾದರಿಯೆಂದು ನಮ್ಮ ಕಡೆ ಎಲ್ಲರೂ ಹೇಳುವರು. ಹೊರಗೆ ಕಂಬಸಾಲು, ದುಂಡು ಆಕಾರ, ಹೋಲಿಕೆ ಇದೆ. ಆದರೆ ಆ ಭವನವು ಪೂರ್ಣ ವರ್ತುಲ, ನಮ್ಮ ಗುಡಿಯು ಒಂದೇ ತುದಿಯಲ್ಲಿ ದುಂಡು. ಮಧ್ಯಪ್ರದೇಶದವರು ತಮ್ಮ ಮಿತಾವಲಿಯ ಚೌಸಠ ಯೋಗಿನಿಯರ ಗುಡಿಯೇ ಮಾದರಿಯೆಂದು ಇದೇ ಬಗೆಯಾಗಿ ಹೇಳಿಕೊಳ್ಳುವರು. ಅದಾದರೋ ನಿಜವಾಗಿಯೂ ವರ್ತುಲಾಕಾರದ್ದು. ಎರಡಕ್ಕೂ ಕಾಗದಪತ್ರದ ಆಧಾರವನ್ನು ನಾನು ಕಂಡಿಲ್ಲ. ಇಲ್ಲದ ಕೀರ್ತಿಯು ನಮ್ಮ ಗುಡಿಗೆ ಬೇಕಾಗಿಯೂ ಇಲ್ಲ.

ಇದಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಕಲಕುವದು ಐಹೊಳೆಯವರ ಅವಸ್ಥೆ. ಅಲ್ಲಿಯ ಗುಡಿಗಳ ಹೆಸರುಗಳನ್ನು ಕೇಳಿರಿ: ಗೌಡರ ಗುಡಿ, ಹುಚ್ಚಪ್ಪಯ್ಯನ ಗುಡಿ, ಲಾಡಖಾನನ ಗುಡಿ. ಇವು ದೇವರ ಹೆಸರುಗಳಲ್ಲ. ಪೂಜೆ ನಿಂತ ಕಲ್ಲುಮನೆಗಳಲ್ಲಿ ಜನರು ಒಲೆ ಹೂಡಿದರು, ದನ ಕಟ್ಟಿದರು. ಲಾಡಖಾನನೆಂಬವನು ವಾಸವಾಗಿದ್ದ ಗುಡಿಗೆ ಅವನ ಹೆಸರೇ ನಿಂತಿತು. ಅವರ ವಾಸದಿಂದ ಗುಡಿಗಳು ಕೆಟ್ಟವೆಂದು ಒಬ್ಬರೆಂದರೆ, ಅವರ ವಾಸದಿಂದಲೇ ಉಳಿದವೆಂದು ಇನ್ನೊಬ್ಬರನ್ನುವರು. ಎರಡೂ ನಿಜವೇ. ಪುರಾತತ್ತ್ವ ಇಲಾಖೆಯು ಮುಖ್ಯ ಗುಡಿಗಳ ಸುತ್ತ ತೆರವು ಮಾಡಿಸಿ ಹುಲ್ಲುಹಾಸನ್ನು ಬೆಳೆಸಿದೆ. ಗುಡಿಗೆ ಗೋಡೆಯನ್ನು ಹೊಂದಿಸಿ ಕಟ್ಟಿಕೊಂಡ ಮನೆಗಳು ಊರಿನಲ್ಲಿ ಉಂಟಷ್ಟೆ. ಅವುಗಳನ್ನು ಬೇರೆಡೆಗೆ ಸಾಗಿಸಬೇಕೆಂಬ ಮಾತು ದಶಕಗಳಿಂದ ನಡೆದಿದೆ. ಹೋಗೆಂದವರೂ ಗಟ್ಟಿಯಾಗಿ ಹೇಳಲಿಲ್ಲ, ಇರೆಂದವರೂ ಗಟ್ಟಿಯಾಗಿ ಹೇಳಲಿಲ್ಲ. ಮಾಳಿಗೆ ಸೋರಿದರೆ ಸರಿಪಡಿಸಿಕೊಳ್ಳಲೂ ಆ ಗೃಹಸ್ಥನು ನಿಯಮಗಳನ್ನು ವಿಚಾರಿಸಬೇಕು. ಸ್ಮಾರಕದ ರಕ್ಷಣೆಯು ಬೇಕೇ ಬೇಕು. ಆದರೆ ಅದರ ಬೆಲೆಯನ್ನು ಬಡವನೊಬ್ಬನೇ ತೆರುವದು ನ್ಯಾಯವಲ್ಲ. ತಕ್ಕ ಭೂಮಿಯನ್ನೂ ಮನೆಯನ್ನೂ ಕೊಟ್ಟು ಬೇಗನೆ ತೀರ್ಮಾನಿಸುವದು ಸರಕಾರದ ಕರ್ತವ್ಯವಾಗಿದೆ.

ಗುಡಿಯ ಹೆಸರನ್ನು ಈಗ ಬದಲಿಸಬೇಕೆಂದು ನಾನು ಹೇಳುವದಿಲ್ಲ. ದುರ್ಗದ ಗುಡಿಯೆಂಬದು ಅದರ ಮೇಲೆ ಕಾವಲು ನಿಂತವರ ಕಾಲದ ನೆನಪು, ಅದೂ ಇರಲಿ. ಮಕ್ಕಳನ್ನು ಕರೆದುಕೊಂಡು ಬಾದಾಮಿ, ಪಟ್ಟದಕಲ್ಲುಗಳಿಗೆ ಹೋಗುವ ವಾಚಕರು ಐಹೊಳೆಯಲ್ಲಿ ಒಂದು ಬೆಳಗನ್ನು ಕಳೆಯಲಿ. ಮೊದಲು ಗುಡಿಯ ಹಿಂದಕ್ಕೆ ಹೋಗಿ ದೂರದಿಂದ ಆನೆಯ ಬೆನ್ನನ್ನು ತೋರಿಸಲಿ. ಆಮೇಲೆ ಪಡಸಾಲೆಯಲ್ಲಿ ಬಲಕ್ಕೆ ಸುತ್ತುತ್ತ ಗೂಡುಗಳ ಮೂರ್ತಿಗಳನ್ನು ಒಂದೊಂದಾಗಿ ಗುರುತಿಸಲಿ. ಕೊನೆಗೆ ಗರ್ಭಗೃಹದ ಮುಂದೆ ನಿಂತಾಗ, ಇಲ್ಲಿ ಯಾವ ದೇವರಿದ್ದನೆಂದು ಮಕ್ಕಳು ಕೇಳುವರು. ಒಳಗೆ ಪೀಠವು ಬರಿದಾಗಿದೆ, ಬಾಗಿಲು ಮೂಡಣದಿಕ್ಕಿಗಿದೆ.